ಮಲೆನಾಡಿನ ಓಲೆಗರಿಗಳಲ್ಲಿ ಉಳಿದ ಶಾಸ್ತ್ರ: ಕೆಳದಿ, ಹೊಂಬುಜ ಮತ್ತು ಆಗುಂಬೆಯ ಸುತ್ತಣ ಬರಹ ಭಂಡಾರಗಳು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೂ ಅವಕ್ಕೆ ತಾಗಿಕೊಂಡ ಶೃಂಗೇರಿ ಸೀಮೆಯೂ ಮಧ್ಯಕಾಲದ ಶಾಸ್ತ್ರವಿದ್ಯೆಯ ಬರಹಗಳನ್ನು ಕಾಪಾಡಿಕೊಂಡು ಬಂದ ನಾಡು. ಗಣಿತ, ಜ್ಯೋತಿಷ, ವೈದ್ಯ, ವಿಷಚಿಕಿತ್ಸೆ, ಪಶುವೈದ್ಯ, ವೃಕ್ಷಾಯುರ್ವೇದ, ವಾಸ್ತು, ರತ್ನಪರೀಕ್ಷೆ, ಪಾಕಶಾಸ್ತ್ರ ಮೊದಲಾದ ವಿಷಯಗಳು ಇಲ್ಲಿ ಮೂರು ಬಗೆಯ ಆಶ್ರಯದಲ್ಲಿ ಉಳಿದವು. ಮೊದಲನೆಯದು ಅರಮನೆ: ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ನಾಯಕರ ಆಸ್ಥಾನ. ಎರಡನೆಯದು ಮಠ: ಹೊಂಬುಜದ ಜೈನಮಠ, ಶೃಂಗೇರಿಯ ಧರ್ಮಸಂಸ್ಥಾನ ಮತ್ತು ಹಲವು ವೀರಶೈವ ಮಠಗಳು. ಮೂರನೆಯದು ಮನೆ: ಜೋಯಿಸರು, ಪಂಡಿತರು, ಶಾನುಭೋಗರು ಅಟ್ಟದ ಮೇಲೆ ಇಟ್ಟು ಕಾದ ಕಟ್ಟುಗಳು. ಕನ್ನಡ ನಾಡಿನ ವಿಜ್ಞಾನದ ಚರಿತ್ರೆ ಬರೆಯುವವರು ಕೊನೆಗೆ ಬಂದು ನಿಲ್ಲುವುದು ಈ ಕಟ್ಟುಗಳ ಮುಂದೆ.

ಓಲೆ, ಕಡತ, ಕಾಗದ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಮರ ಎಲ್ಲವೂ ತೇವ ಹಿಡಿಯುವ ಈ ಸೀಮೆಯಲ್ಲಿ ಬರಹ ಉಳಿಯಬೇಕಾದರೆ ಅದನ್ನು ಹೊರುವ ವಸ್ತು ಗಟ್ಟಿಯಾಗಿರಬೇಕು, ನೋಡಿಕೊಳ್ಳುವ ಕ್ರಮವೂ ಕಟ್ಟುನಿಟ್ಟಾಗಿರಬೇಕು. ಬರವಣಿಗೆಗೆ ಹೆಚ್ಚು ಹೆಸರಾದದ್ದು ಶ್ರೀತಾಳೆ. ಕರಾವಳಿಯಲ್ಲಿ ಪಣೋಲಿ ಎಂದು ಕರೆಯುವ ಈ ಮರ ಹಲವು ದಶಕ ಬೆಳೆದು, ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಕಟ್ಟಿ ಸಾಯುತ್ತದೆ. ಅದರ ಗರಿ ಸಾಮಾನ್ಯ ತಾಳೆಯ ಗರಿಗಿಂತ ತೆಳು, ಅಗಲ, ಮೆದು. ಬಾಗಿಸಿದರೂ ಬೇಗ ಮುರಿಯುವುದಿಲ್ಲ.

ಎಳೆಯ ಗರಿಯನ್ನು ಕೊಯ್ದು, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯ ಮಾಡುತ್ತಿದ್ದರು. ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತು ಕೊರೆದು, ಕಂಠ ಎಂಬ ಉಕ್ಕಿನ ಲೇಖನಿಯಿಂದ ಅಕ್ಷರಗಳನ್ನು ಗೀರುತ್ತಿದ್ದರು. ಗೀರಿದ ಅಕ್ಷರ ಹಾಗೆಯೇ ಕಣ್ಣಿಗೆ ಕಾಣುವುದಿಲ್ಲ. ಕಾಡಿಗೆಯನ್ನು ಎಣ್ಣೆಯಲ್ಲೋ ಎಲೆಯ ರಸದಲ್ಲೋ ಕಲಸಿ ಸವರಿ ಒರೆಸಿದಾಗ ಗೀರಿನೊಳಗೆ ಕಪ್ಪು ಕೂತು ಸಾಲು ಎದ್ದು ಬರುತ್ತದೆ. ಎರಡು ಕಡೆ ಮರದ ಹಲಗೆ ಇಟ್ಟು, ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟಿದರೆ ಒಂದು ಗ್ರಂಥ ಸಿದ್ಧವಾಯಿತು. ಮಲೆನಾಡಿನ ಮನೆಗಳಲ್ಲಿ ಇಂಥ ಕಟ್ಟುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ರೂಢಿ ಇತ್ತು. ಒಲೆಯ ಬಿಸಿ ತೇವವನ್ನು ಆರಿಸುತ್ತಿತ್ತು, ಹೊಗೆ ಹುಳುವನ್ನು ದೂರ ಇಡುತ್ತಿತ್ತು. ನವರಾತ್ರಿಯ ಶಾರದಾ ಪೂಜೆಗೆ ಕಟ್ಟುಗಳನ್ನು ಇಳಿಸಿ, ಧೂಳು ಒರೆಸಿ, ಪೂಜೆಗೆ ಇಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಈ ಹಬ್ಬ ಪುಸ್ತಕಗಳಿಗೆ ವರ್ಷಕ್ಕೊಮ್ಮೆ ಗಾಳಿ ಬೆಳಕು ಕಾಣಿಸುವ ಏರ್ಪಾಡೂ ಆಗಿತ್ತು.

ದಿನದ ಲೆಕ್ಕಪತ್ರಕ್ಕೆ ಬಳಸಿದ್ದು ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾಗಿದ್ದರಿಂದ ಆದಾಯ, ಖರ್ಚು, ದವಸದ ಲೆಕ್ಕಗಳಿಗೆ ಅದು ಒಪ್ಪಿತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ದೊಡ್ಡ ಪ್ರಮಾಣದಲ್ಲಿ ಉಳಿದಿವೆ. ಅರಸರ ಆಜ್ಞೆಗಳಾದ ನಿರೂಪಗಳು, ಸನ್ನದುಗಳು, ಕಾಗದಪತ್ರಗಳು ಕಾಗದದ ಮೇಲೆ ಬಂದವು. ಓಲೆಗಿಂತ ಕಾಗದ ಬರೆಯಲು ಸುಲಭ, ಆದರೆ ಈ ಹವೆಯಲ್ಲಿ ಬೇಗ ಹಾಳಾಗುವುದೂ ಅದೇ.

ಎಷ್ಟೇ ಜತನ ಮಾಡಿದರೂ ಓಲೆಗೂ ಆಯುಸ್ಸು ಇದೆ. ಕೆಲವು ಶತಮಾನಗಳಲ್ಲಿ ಅಂಚು ಉದುರುತ್ತದೆ, ತೂತಿನ ಸುತ್ತ ಸೀಳು ಬಿಡುತ್ತದೆ, ಗೆದ್ದಲು ಸುರಂಗ ಕೊರೆಯುತ್ತದೆ. ಆದ್ದರಿಂದ ಹಳೆಯದು ಪೂರ್ತಿ ಹಾಳಾಗುವ ಮೊದಲೇ ಹೊಸ ಓಲೆಯ ಮೇಲೆ ಪ್ರತಿ ಮಾಡುವುದೇ ಗ್ರಂಥವನ್ನು ಉಳಿಸುವ ದಾರಿಯಾಗಿತ್ತು. 11ನೆಯ ಶತಮಾನದ ಒಂದು ಕೃತಿ ಇಂದು 17 ಅಥವಾ 18ನೆಯ ಶತಮಾನದ ಪ್ರತಿಯಲ್ಲಿ ಸಿಕ್ಕಿದರೆ, ನಡುವಿನ ಕಾಲದಲ್ಲಿ ಹೆಸರಿಲ್ಲದ ಹಲವು ಲಿಪಿಕಾರರು ಅದನ್ನು ಮತ್ತೆ ಮತ್ತೆ ಬರೆದಿದ್ದಾರೆ ಎಂದೇ ಅರ್ಥ. ಶಾಸ್ತ್ರದ ಉಳಿವು ಕವಿಗೆ ಎಷ್ಟು ಋಣಿಯೋ ಈ ಲಿಪಿಕಾರರಿಗೂ ಅಷ್ಟೇ ಋಣಿ.

ಲಿಪಿಗಳು

ಈ ಸೀಮೆಯ ಓಲೆಗಳಲ್ಲಿ ಮುಖ್ಯವಾಗಿ ಎರಡು ಲಿಪಿಗಳು ಕಾಣುತ್ತವೆ. ಕನ್ನಡ ಕೃತಿಗಳಿಗೂ ಎಷ್ಟೋ ಸಂಸ್ಕೃತ ಕೃತಿಗಳಿಗೂ ಕನ್ನಡ ಲಿಪಿ ಬಳಕೆಯಾಯಿತು. ಹವ್ಯಕ, ಶಿವಳ್ಳಿ, ಕೋಟ ಮೊದಲಾದ ವೈದಿಕ ಮನೆತನಗಳಲ್ಲಿ ಸಂಸ್ಕೃತ ಬರೆಯಲು ತಿಗಳಾರಿ ಬಳಕೆಯಾಯಿತು. ಗ್ರಂಥಲಿಪಿಯಿಂದ ಬೆಳೆದು ಬಂದ ತಿಗಳಾರಿ ಮಲಯಾಳ ಲಿಪಿಗೆ ಹತ್ತಿರದ ನಂಟು. ಕರಾವಳಿಯಲ್ಲಿ ಅದನ್ನು ತುಳು ಲಿಪಿ ಎಂದೂ ಕರೆಯುತ್ತಾರೆ. ವೇದ, ಪ್ರಯೋಗ, ಜ್ಯೋತಿಷ, ವೈದ್ಯ, ಮಂತ್ರಶಾಸ್ತ್ರಗಳ ಬಹುಪಾಲು ಈ ಲಿಪಿಯಲ್ಲಿದೆ. ಅದನ್ನು ಓದಬಲ್ಲವರು 20ನೆಯ ಶತಮಾನದಲ್ಲಿ ವೇಗವಾಗಿ ಕಡಿಮೆಯಾದರು. ಶಾಲೆಗಳು ಕನ್ನಡ ಮತ್ತು ನಾಗರಿ ಲಿಪಿಗಳನ್ನು ಕಲಿಸಿದವು, ಅಚ್ಚಿನ ಪುಸ್ತಕಗಳು ಬಂದವು. ಅಜ್ಜ ಓದುತ್ತಿದ್ದ ಓಲೆ ಮೊಮ್ಮಗನಿಗೆ ಪೂಜೆಯ ವಸ್ತುವಾಯಿತು.

ಓಲೆಗಳಲ್ಲಿದ್ದ ಶಾಸ್ತ್ರ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳ ಪರಂಪರೆ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ರಚಿಸಿದ ‘ಲೋಕೋಪಕಾರ’ ಗೃಹಸ್ಥನಿಗೆ ಬೇಕಾದ ತಿಳಿವನ್ನೆಲ್ಲ ಒಂದೆಡೆ ಸೇರಿಸಿತು. ಮಳೆಯ ಲಕ್ಷಣ, ಬಾವಿಗೆ ನೀರಿನ ಸೆಲೆ ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವೈದ್ಯ, ವಿಷಚಿಕಿತ್ಸೆ ಎಲ್ಲವೂ ಅದರಲ್ಲಿವೆ. 1049ರಲ್ಲಿ ಶ್ರೀಧರಾಚಾರ್ಯ ‘ಜಾತಕತಿಲಕ’ ಬರೆದ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಕರುಗಳ ರೋಗ ಕುರಿತು ‘ಗೋವೈದ್ಯ’ವನ್ನೂ, 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನೂ ರಚಿಸಿದರು. 14ನೆಯ ಶತಮಾನದಲ್ಲಿ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ಗಿಡ ಮತ್ತು ಖನಿಜಗಳಿಂದ ಬರುವ ಸ್ಥಾವರ ವಿಷ, ಪ್ರಾಣಿಗಳಿಂದ ಬರುವ ಜಂಗಮ ವಿಷಗಳನ್ನು ವಿಂಗಡಿಸಿ ಚಿಕಿತ್ಸೆ ಹೇಳಿದ. ಇವು ಪಂಡಿತರ ವಾದಕ್ಕಾಗಿ ಹುಟ್ಟಿದವಲ್ಲ. ಹೊಲ, ಕೊಟ್ಟಿಗೆ, ಸಂತೆ, ರೋಗಿಯ ಹಾಸಿಗೆಗಳ ಬಳಿ ಬಳಕೆಗೆ ಬಂದವು. ಬಳಕೆಯಲ್ಲಿದ್ದದ್ದರಿಂದಲೇ ಅವಕ್ಕೆ ಪ್ರತಿಗಳು ಹುಟ್ಟುತ್ತ ಹೋದವು.

ಮಲೆನಾಡಿನ ಮನೆಗಳಲ್ಲಿ ಸಿಗುವ ವೈದ್ಯದ ಓಲೆಗಳು ಈ ದೊಡ್ಡ ಕೃತಿಗಳ ಸಣ್ಣ ಒಡನಾಡಿಗಳು. ಕಷಾಯ, ತೈಲ, ಲೇಹ್ಯಗಳ ಕ್ರಮ, ಹಾವಿನ ವಿಷಕ್ಕೆ ಮದ್ದು, ದನದ ಕಾಲುಬಾಯಿಗೆ ಔಷಧ, ಮುಹೂರ್ತದ ಲೆಕ್ಕ ಒಂದೇ ಕಟ್ಟಿನಲ್ಲಿ ಬೆರೆತಿರುವುದುಂಟು. ಸಂಸ್ಕೃತ ಶ್ಲೋಕದ ಕೆಳಗೆ ಸ್ಥಳೀಯ ಗಿಡದ ಹೆಸರನ್ನು ಕನ್ನಡದಲ್ಲಿ ಸೇರಿಸಿದ ಒಂದು ಟಿಪ್ಪಣಿ ವಿಜ್ಞಾನದ ಚರಿತ್ರೆಕಾರನಿಗೆ ಬಲು ಬೆಲೆಯುಳ್ಳದ್ದು. ಎಲ್ಲೋ ಹುಟ್ಟಿದ ಶಾಸ್ತ್ರ ಈ ಕಾಡಿನಲ್ಲಿ ಹೇಗೆ ಬಳಕೆಗೆ ಬಂತು ಎಂಬುದನ್ನು ಆ ಒಂದು ಸಾಲು ಹೇಳುತ್ತದೆ.

ಕೆಳದಿಯ ಆಸ್ಥಾನ

ಕೆಳದಿ ಸಾಗರ ಪಟ್ಟಣಕ್ಕೆ ಹತ್ತಿರದ ಹಳ್ಳಿ. 1500ರ ಆಸುಪಾಸಿನಲ್ಲಿ ಚೌಡಪ್ಪ ನಾಯಕ ಇಲ್ಲಿ ಅರಸುತನಕ್ಕೆ ಅಡಿಪಾಯ ಹಾಕಿದ. ರಾಜಧಾನಿ ಮುಂದೆ ಇಕ್ಕೇರಿಗೂ, 1639ರ ಸುಮಾರಿಗೆ ವೀರಭದ್ರ ನಾಯಕನ ಕಾಲದಲ್ಲಿ ಬಿದನೂರಿಗೂ ಹೋಯಿತು. ವಿಜಯನಗರದ ಸಾಮಂತರಾಗಿ ಆರಂಭಿಸಿದ ನಾಯಕರು ಆ ಸಾಮ್ರಾಜ್ಯ ಕುಸಿದ ಮೇಲೆ ಸ್ವತಂತ್ರರಾಗಿ, ಘಟ್ಟದ ಮೇಲೆ ಮಲೆನಾಡನ್ನೂ ಕೆಳಗೆ ಕರಾವಳಿಯನ್ನೂ ಆಳಿದರು. ಮೆಣಸು, ಅಕ್ಕಿ, ಅಡಕೆಯ ವ್ಯಾಪಾರ ಅವರ ಬೊಕ್ಕಸವನ್ನು ತುಂಬಿತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದಾಗ ಆಳುತ್ತಿದ್ದವನು ಹಿರಿಯ ವೆಂಕಟಪ್ಪ ನಾಯಕ. ಕಾಶಿಯ ವೈಯಾಕರಣ ಭಟ್ಟೋಜಿ ದೀಕ್ಷಿತ ತನ್ನ ‘ತತ್ತ್ವಕೌಸ್ತುಭ’ವನ್ನು ಇದೇ ವೆಂಕಟಪ್ಪನ, ಅಂದರೆ ಕೆಳದಿ ವೆಂಕಟೇಂದ್ರನ, ಮಾತಿನಂತೆ ಬರೆದ. ಮಳೆಕಾಡಿನ ನಡುವಿನ ಈ ಅರಮನೆಯ ವಿದ್ಯಾಸಂಬಂಧ ಕಾಶಿಯವರೆಗೂ ಚಾಚಿತ್ತು.

ಆಡಳಿತದಲ್ಲೂ ಅಳತೆ ಮತ್ತು ದಾಖಲೆಗಳಿಗೆ ಕೆಳದಿ ಅರಸರು ಕೊಟ್ಟ ಗಮನ ಅಪರೂಪದ್ದು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಭೂಕಂದಾಯ ವ್ಯವಸ್ಥೆ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರಾಯಿತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಅದರ ಕ್ರಮವನ್ನು ವಿವರಿಸುತ್ತದೆ. ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ತರಗಳಾಗಿ ವಿಂಗಡಿಸಲಾಯಿತು. ಪ್ರತಿ ಊರಿನಲ್ಲಿ ಒಂದೊಂದು ತರದ ಒಂದೊಂದು ಗದ್ದೆಯನ್ನು 12 ವರ್ಷ ಸರ್ಕಾರವೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ಆದ ಖರ್ಚು, ಬಂದ ಫಸಲು, ಅದರ ಬೆಲೆ ಎಲ್ಲವನ್ನೂ ಬರೆದಿಡಲಾಯಿತು. ಆಮೇಲೆ ಸರಾಸರಿ ತೆಗೆದು, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಸರ್ಕಾರದ ಪಾಲೆಂದು ನಿಗದಿ ಮಾಡಲಾಯಿತು. ಒಂದು ವರ್ಷದ ಮಳೆಯನ್ನು ನಂಬದೆ ಹಲವು ವರ್ಷಗಳ ಅಂಕಿಗಳನ್ನು ಕೂಡಿಸಿ ನಿರ್ಣಯಕ್ಕೆ ಬರುವ ಈ ಬಗೆ ಶಾಸ್ತ್ರಗ್ರಂಥದಲ್ಲಿ ಬರೆದಿದ್ದಲ್ಲ. ಶಾನುಭೋಗರ ಲೆಕ್ಕದಲ್ಲಿ ನಡೆದದ್ದು. ವಿಜ್ಞಾನದ ಚರಿತ್ರೆಗೆ ಕಂದಾಯದ ಕಡತಗಳೂ ಆಕರ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಶಿವತತ್ತ್ವರತ್ನಾಕರ

ಕೆಳದಿಯ ಆಸ್ಥಾನ ಬಿಟ್ಟುಹೋದ ಬರಹಗಳಲ್ಲಿ ಎಲ್ಲಕ್ಕಿಂತ ದೊಡ್ಡದು ‘ಶಿವತತ್ತ್ವರತ್ನಾಕರ’. ರಾಣಿ ಚೆನ್ನಮ್ಮಾಜಿಯ ದತ್ತುಪುತ್ರ ಬಸವಪ್ಪ ನಾಯಕ 1697ರಿಂದ 1714ರವರೆಗೆ ಆಳಿದ. ಅವನು ರಚಿಸಿದ ಈ ಸಂಸ್ಕೃತ ಕೃತಿ 1709ರಲ್ಲಿ ಮುಗಿಯಿತು. ಕನ್ನಡದಲ್ಲಿ ‘ಸೂಕ್ತಿಸುಧಾಕರ’ವನ್ನೂ ಸಂಸ್ಕೃತದಲ್ಲಿ ‘ಸುಭಾಷಿತಸುರದ್ರುಮ’ವನ್ನೂ ರಚಿಸಿದವನು ಇವನೇ. ಮಗ ಸೋಮಶೇಖರ ಪ್ರಶ್ನೆ ಕೇಳುತ್ತಾನೆ, ತಂದೆ ಉತ್ತರ ಹೇಳುತ್ತಾನೆ: ಗ್ರಂಥದ ಚೌಕಟ್ಟು ಇದು. ಒಂಬತ್ತು ಕಲ್ಲೋಲಗಳು, ಅವುಗಳೊಳಗೆ ನೂರಕ್ಕೂ ಹೆಚ್ಚು ತರಂಗಗಳು. ಸಾಗರಕ್ಕೆ ಅಲೆಗಳೇ ಅಧ್ಯಾಯಗಳು.

ಸೃಷ್ಟಿ, ಲೋಕಗಳ ರಚನೆ, ದ್ವೀಪ ಸಮುದ್ರಗಳ ವರ್ಣನೆಯಿಂದ ಹೊರಟ ಗ್ರಂಥ ವಿಜಯನಗರದ ಕಥೆಗೂ ಕೆಳದಿ ಅರಸರ ವಂಶಚರಿತೆಗೂ ಬರುತ್ತದೆ. ರಾಜನೀತಿ, ಕೋಟೆ, ಸೈನ್ಯ, ಆನೆ ಮತ್ತು ಕುದುರೆಗಳ ಲಕ್ಷಣ, ವಾಸ್ತು, ಶಿಲ್ಪ, ಸಂಗೀತ, ನೃತ್ಯ, ರತ್ನಪರೀಕ್ಷೆ, ರಸವಾದ, ವೈದ್ಯ, ತೋಟಗಾರಿಕೆ, ಜ್ಯೋತಿಷ, ಯೋಗ, ಶೈವ ದರ್ಶನ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಪಾಕಶಾಸ್ತ್ರದ ಭಾಗ ಅಡುಗೆಮನೆಯ ವ್ಯವಸ್ಥೆ, ಪಾತ್ರೆಗಳು, ಭಕ್ಷ್ಯಗಳವರೆಗೆ ಹೋಗುತ್ತದೆ. ಆಹಾರ ಚರಿತ್ರೆಕಾರ ಕೆ. ಟಿ. ಅಚಯ್ಯ ದಕ್ಷಿಣದ ಊಟದ ಬಗ್ಗೆ ಬರೆಯುವಾಗ ಈ ಕೃತಿಯನ್ನು ಆಕರವಾಗಿ ಬಳಸಿದ್ದಾರೆ.

ಇಂಥ ಅರಸು ವಿಶ್ವಕೋಶಕ್ಕೆ ಕನ್ನಡ ನಾಡಿನಲ್ಲಿ ಪೂರ್ವಜ ಇದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ ನೂರು ಅಧ್ಯಾಯಗಳಲ್ಲಿ ರಾಜನಿಗೆ ಬೇಕಾದ ವಿದ್ಯೆಗಳನ್ನು ಹೇಳಿತ್ತು. ಬಸವಪ್ಪ ನಾಯಕ ಆರು ಶತಮಾನಗಳ ಆಮೇಲೆ ಅದೇ ದಾರಿಯಲ್ಲಿ ನಡೆದ. ಹಳೆಯ ಶಾಸ್ತ್ರಗಳಿಂದ ಆಯ್ದುಕೊಂಡದ್ದು ಹೆಚ್ಚು. ಅದರ ಜೊತೆಗೆ ತನ್ನ ಕಾಲದ ಆಸ್ಥಾನ, ತನ್ನ ಮನೆತನದ ನೆನಪು, ತನ್ನ ನಾಡಿನ ಊರುಗಳನ್ನು ಸೇರಿಸಿದ. ಯುರೋಪಿನಲ್ಲಿ ನ್ಯೂಟನ್ ಬದುಕಿದ್ದ ಕಾಲದಲ್ಲಿ ಬಿದನೂರಿನ ಅರಸನೊಬ್ಬ ಯಾವ ತಿಳಿವನ್ನು ಸಂಪೂರ್ಣ ಎಂದು ಎಣಿಸಿದ್ದ ಎಂಬುದನ್ನು ಅಧ್ಯಾಯ ಅಧ್ಯಾಯವಾಗಿ ತೋರಿಸುವ ದಾಖಲೆ ಇದು.

ಅರಸು ಅಳಿದ ಮೇಲೆ

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ರಾಣಿ ವೀರಮ್ಮಾಜಿಯೊಂದಿಗೆ ಕೆಳದಿ ಅರಸುತನ ಕೊನೆಗೊಂಡಿತು. ಊರು ಹೈದರ್‌ನಗರವಾಗಿ, ಮುಂದೆ ನಗರ ಎಂದೇ ಉಳಿಯಿತು. 1783ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು, ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಮರಳಿ ಪಡೆದ. 1791ರಲ್ಲಿ ಮರಾಠ ಸೈನ್ಯ ಶೃಂಗೇರಿಯನ್ನು ಸುಲಿಯಿತು. ಮೂವತ್ತು ವರ್ಷಗಳೊಳಗೆ ಈ ಸೀಮೆಯ ಎರಡು ದೊಡ್ಡ ವಿದ್ಯಾಕೇಂದ್ರಗಳು ಯುದ್ಧವನ್ನು ಕಂಡವು. ಅರಮನೆ ಇಲ್ಲವಾದ ಮೇಲೆ ಬರಹಗಳ ಹೊಣೆ ಮಠಗಳಿಗೂ ಮನೆಗಳಿಗೂ ಬಿತ್ತು. ಪ್ರತಿ ಮಾಡಿಸುವ ಅರಸರಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಕಾಯುವುದಷ್ಟೇ ಎಷ್ಟೋ ಕಡೆ ಸಾಧ್ಯವಾಯಿತು.

ಹೊರಗಿನವರ ಸಂಗ್ರಹ ಶುರುವಾದದ್ದು ಇದರ ಬೆನ್ನಿಗೆ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಗರ, ಇಕ್ಕೇರಿ, ಸಾಗರಗಳ ಕಡೆ ಸುತ್ತಿ ಬೆಳೆ, ಕಂದಾಯ, ಜಾತಿಪದ್ಧತಿಗಳನ್ನು ಬರೆದುಕೊಂಡ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಮೋಜಣಿ ನಡೆಸುತ್ತಿದ್ದ ಕಾಲಿನ್ ಮೆಕೆಂಝಿಯ ಜನ ಊರೂರಿನಲ್ಲಿ ಸ್ಥಳೀಯ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿಕೊಂಡು, ಓಲೆಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಹಾಕಿದರು. ಮೆಕೆಂಝಿ 1821ರಲ್ಲಿ ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಆ ಸಂಗ್ರಹವನ್ನು ಕೊಂಡಿತು. ಅದು ಮದರಾಸು, ಲಂಡನ್ನುಗಳಿಗೆ ಹಂಚಿಹೋಯಿತು. ಕನ್ನಡ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿ ಅವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಲ್ಲಿ ಹೊರಬಂದವು.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಕ್ರಮಬದ್ಧವಾಯಿತು. 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಗಿ, ಸಂಸ್ಥಾನದ ಊರುಗಳಿಂದ ಓಲೆಗಳನ್ನು ತರಿಸಿಕೊಂಡಿತು. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟ 1904ರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಒಟ್ಟಿಗೆ ತಂದಿತು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907ರಿಂದ 1929ರ ನಡುವೆ ಬಂದವು. ಕಾವ್ಯದ ಕವಿಗಳ ಜೊತೆಗೆ ಗಣಿತ, ವೈದ್ಯ, ಜ್ಯೋತಿಷ ಬರೆದ ಕವಿಗಳನ್ನೂ ಕಾಲಾನುಕ್ರಮದಲ್ಲಿ ನಿಲ್ಲಿಸಿದ ಈ ಗ್ರಂಥವೇ ಕನ್ನಡದ ಶಾಸ್ತ್ರಸಾಹಿತ್ಯದ ಚರಿತ್ರೆಗೆ ಮೊದಲ ಭದ್ರವಾದ ಮೆಟ್ಟಿಲು. ಶೃಂಗೇರಿಯಲ್ಲಿ ಟಿಪ್ಪು ಮಠಕ್ಕೆ ಬರೆದ ಕಾಗದಗಳ ಕಟ್ಟನ್ನು 1916ರಲ್ಲಿ ಬೆಳಕಿಗೆ ತಂದವರೂ ನರಸಿಂಹಾಚಾರ್ಯರೇ. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು 1921ರಲ್ಲಿ ಸಂಪಾದಿಸಿದರು. ‘ಶಿವತತ್ತ್ವರತ್ನಾಕರ’ 1927ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. 1960ರ ದಶಕದಿಂದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದನ್ನು ಸಂಪುಟಗಳಾಗಿ ಹೊರತಂದಿತು.

ಕೆಳದಿಗೆ ಮರಳಿದ ಬರಹಗಳು

ಇಷ್ಟು ಕೆಲಸ ನಡೆದದ್ದು ಮೈಸೂರು, ಮದರಾಸುಗಳಲ್ಲಿ. ಬರಹ ಹುಟ್ಟಿದ ಊರಿನಲ್ಲೇ ಅದಕ್ಕೊಂದು ನೆಲೆ ಬೇಕೆಂದು ಹೊರಟವರು ಕೆಳದಿಯವರೇ ಆದ ಇತಿಹಾಸಕಾರ ಕೆಳದಿ ಗುಂಡಾ ಜೋಯಿಸ್. 1960ರ ದಶಕದ ಆರಂಭದಲ್ಲಿ ಅವರು ಕಟ್ಟಿದ ಕೆಳದಿ ವಸ್ತು ಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾಲಯ ಓಲೆಗರಿ, ಕಾಗದದ ಹಸ್ತಪ್ರತಿ, ತಾಮ್ರಶಾಸನ, ನಾಣ್ಯ, ಆಯುಧ, ಶಿಲ್ಪಗಳಿಗೆ ಮನೆಯಾಯಿತು. ತಿಗಳಾರಿ ಲಿಪಿಯ ಓಲೆಗಳು ಆ ಸಂಗ್ರಹದ ಹೆಮ್ಮೆ. ಕೆಳದಿಯ ಚಿತ್ರಕಾರ ಎಸ್. ಕೆ. ಲಿಂಗಣ್ಣಯ್ಯನವರ ಚಿತ್ರಗಳೂ ಅಲ್ಲಿವೆ. ಸಂಸ್ಥೆ ಈಗ ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ.

ಊರಿನ ಇತಿಹಾಸಕಾರನಿಗೆ ಸಿಗುವ ಅನುಕೂಲ ದೂರದ ವಿದ್ವಾಂಸನಿಗೆ ಸಿಗುವುದಿಲ್ಲ. ಯಾವ ಮನೆಯ ಹಿರಿಯರು ಯಾವ ಅರಸನಿಂದ ಉಂಬಳಿ ಪಡೆದರು, ಯಾವ ಕುಟುಂಬ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಗೊತ್ತಿದ್ದರೆ ಒಂದು ಓಲೆ ಎಲ್ಲಿಂದ ಬಂತೆಂಬುದೂ ಗೊತ್ತಾಗುತ್ತದೆ. ಹಸ್ತಪ್ರತಿಗೆ ಮೂಲಸ್ಥಳದ ಅರಿವು ಇಲ್ಲದಿದ್ದರೆ ಅದರ ಅರ್ಧ ಸಾಕ್ಷ್ಯ ಕಳೆದುಹೋದಂತೆ. ಗುಂಡಾ ಜೋಯಿಸರು ಕೆಳದಿ ಅರಸರ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು; ‘ದಿ ಗ್ಲೋರಿಯಸ್ ಕೆಳದಿ’ ಅವರ ಹೆಸರಾದ ಕೃತಿ. ರಾಧಾ ಕೃಷ್ಣಮೂರ್ತಿ ಅವರ ‘ಶಿವತತ್ತ್ವರತ್ನಾಕರ’ದ ಸಾಂಸ್ಕೃತಿಕ ಅಧ್ಯಯನವನ್ನು ಕೆಳದಿಯ ಸಂಸ್ಥೆಯೇ 1995ರಲ್ಲಿ ಪ್ರಕಟಿಸಿತು. ಬಸವಪ್ಪ ನಾಯಕನ ವಿಶ್ವಕೋಶದ ವಿವೇಚನೆ ಅವನ ಪೂರ್ವಿಕರ ಊರಿನಿಂದಲೇ ಪುಸ್ತಕವಾಗಿ ಬಂದದ್ದು ನ್ಯಾಯವಾದ ಸಂಗತಿ.

ಹೊಂಬುಜ ಮತ್ತು ಗಣಿತದ ಓಲೆಗಳು

ಹೊಸನಗರ ತಾಲ್ಲೂಕಿನ ಹೊಂಬುಜ, ಅಂದರೆ ಹುಂಚ, ಸಾಂತರ ಅರಸರ ರಾಜಧಾನಿ. ಅಲ್ಲಿಯ ಪಂಚಕೂಟ ಬಸದಿ 1077ರದು. ಜೈನಮಠಗಳಲ್ಲಿ ಶಾಸ್ತ್ರದಾನ ಒಂದು ಪುಣ್ಯಕಾರ್ಯ. ಗ್ರಂಥವನ್ನು ಪ್ರತಿ ಮಾಡಿಸಿ ಮುನಿಗಳಿಗೂ ಬಸದಿಗಳಿಗೂ ಕೊಡುವ ಈ ಪದ್ಧತಿಯಿಂದ ಕನ್ನಡ ನಾಡಿನ ಎಷ್ಟೋ ಶಾಸ್ತ್ರಗ್ರಂಥಗಳು ಬದುಕಿದವು. ಆಗುಂಬೆ ಘಟ್ಟದ ಕೆಳಗಿನ ಮೂಡಬಿದಿರೆ ಇದಕ್ಕೆ ದೊಡ್ಡ ಸಾಕ್ಷಿ. ಜೈನ ಆಗಮವಾದ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು ಬರೆದ ‘ಧವಲಾ’ ಟೀಕೆ 9ನೆಯ ಶತಮಾನದ್ದು. ಅದರ ಹಳಗನ್ನಡ ಲಿಪಿಯ ಓಲೆಗಳು ಉಳಿದದ್ದು ಮೂಡಬಿದಿರೆಯ ಬಸದಿಯಲ್ಲಿ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ ಸಂಪುಟಗಳು ಬರತೊಡಗಿದಾಗ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಅದರಲ್ಲಿಯ ಗಣಿತವನ್ನು ವಿವರಿಸಿದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ‘ಅರ್ಧಚ್ಛೇದ’. 32ರ ಅರ್ಧಚ್ಛೇದ 5. ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಎಂದು ಇಂದು ಕರೆಯುವ ಕಲ್ಪನೆಯೇ ಇದು. ಮೂರರಿಂದ, ನಾಲ್ಕರಿಂದ ಭಾಗಿಸುವುದಕ್ಕೂ ಬೇರೆ ಬೇರೆ ಹೆಸರುಗಳು ಆ ಟೀಕೆಯಲ್ಲಿವೆ.

ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದ ಕಥೆಯೂ ಹೀಗೆಯೇ. ಭಿನ್ನರಾಶಿ, ತ್ರೈರಾಶಿಕ, ಬಡ್ಡಿಯ ಲೆಕ್ಕ, ಕ್ಷೇತ್ರಫಲ, ನೆರಳಿನ ಗಣಿತಗಳನ್ನು ಬಿಡಿಸುವ ಈ ಕೃತಿ, ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ 
ಸೂತ್ರವನ್ನೂ, ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಮಾತನ್ನೂ ಹೇಳುತ್ತದೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದಾಗ ಬಳಸಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ ಅದೇ ಗ್ರಂಥವನ್ನು ಹೊಂಬುಜ ಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಹೊರತಂದಿತು. ಓಲೆಯ ಕಾಲದ ಶಾಸ್ತ್ರದಾನವನ್ನು ಮಠ ಅಚ್ಚಿನ ಕಾಲದಲ್ಲೂ ಮುಂದುವರಿಸಿದೆ.

ಓಲೆಯನ್ನು ಓದುವ ಬಗೆ

ಹಸ್ತಪ್ರತಿಯಿಂದ ಚರಿತ್ರೆ ಹೊರಡಿಸುವುದಕ್ಕೆ ಹಲವು ವಿದ್ಯೆಗಳು ಬೇಕು. ಮೊದಲನೆಯದು ಕಾಲನಿರ್ಣಯ. ಲಿಪಿಕಾರ ಕೊನೆಯ ಗರಿಯಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆದಿಡುವುದುಂಟು. ಶಕವರ್ಷ ಅಂಕಿಯ ಬದಲು ಭೂತಸಂಖ್ಯೆಯಲ್ಲಿಯೂ ಬರುತ್ತದೆ: ಚಂದ್ರ ಎಂದರೆ 1, ಕಣ್ಣು 2, ಅಗ್ನಿ 3, ವೇದ 4, ಬಾಣ 5, ಋತು 6. ಇದನ್ನು ಬಲದಿಂದ ಎಡಕ್ಕೆ ಇಟ್ಟುಕೊಂಡು ಹೋಗಬೇಕು. ಚಂದ್ರ, ಅಗ್ನಿ, ಋತು, ಚಂದ್ರ ಎಂದಿದ್ದರೆ ಶಕ 1631. ಅದಕ್ಕೆ 78 ಕೂಡಿಸಿದರೆ 1709. ಆ ವರ್ಷದ ಸಂವತ್ಸರ ವಿರೋಧಿ. ಓಲೆಯಲ್ಲಿ ಬೇರೆ ಸಂವತ್ಸರ ಇದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ. ತಿಥಿ ವಾರಗಳು ಹೊಂದಿದರೆ ದಿನವೂ ಖಚಿತವಾಗುತ್ತದೆ.

ಎರಡನೆಯದು ಪಾಠದ ಶುದ್ಧಿ. ಹಳೆಯ ಕನ್ನಡ ಓಲೆಗಳಲ್ಲಿ ಎ, ಏ ಮತ್ತು ಒ, ಓ ಸ್ವರಗಳಿಗೆ ಹ್ರಸ್ವ ದೀರ್ಘ ಭೇದ ತೋರಿಸುತ್ತಿರಲಿಲ್ಲ. ಪ, ವಗಳು ಒಂದನ್ನೊಂದು ಹೋಲುತ್ತವೆ. ಪದಗಳ ನಡುವೆ ಬಿಡುವಿಲ್ಲ. ಕಾವ್ಯದಲ್ಲಿ ಛಂದಸ್ಸು ತಪ್ಪನ್ನು ತೋರಿಸಿಕೊಡುತ್ತದೆ. ವೈದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಗಿಡವೇ ಬೇರೆಯಾಗಬಹುದು, ಪ್ರಮಾಣವೇ ಬದಲಾಗಬಹುದು. ಆದ್ದರಿಂದ ಶಾಸ್ತ್ರಗ್ರಂಥದ ಸಂಪಾದಕ ಸಿಕ್ಕಷ್ಟು ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಗುರುತು ಹಾಕಿ, ವಿಷಯ ಬಲ್ಲವರೊಂದಿಗೆ ಕೂತು ನಿರ್ಧಾರಕ್ಕೆ ಬರಬೇಕಾಗುತ್ತದೆ. ಭಾಷೆ ಬಲ್ಲವನಿಗೆ ಗಣಿತ ತಿಳಿಯದೆ, ಗಣಿತ ಬಲ್ಲವನಿಗೆ ಲಿಪಿ ತಿಳಿಯದೆ ನಿಂತುಹೋದ ಕೆಲಸವೇ ಹೆಚ್ಚು.

ಮೂರನೆಯದು ಇತಿಹಾಸಕಾರನ ಸ್ವಂತ ಕಾಗದಗಳನ್ನು ಉಳಿಸಿಕೊಳ್ಳುವುದು. ಶಾಸನದ ಪಡಿಯಚ್ಚು, ಓಲೆಯಿಂದ ತೆಗೆದ ಲಿಪ್ಯಂತರ, ಮನೆಮನೆಯಲ್ಲಿ ಕೇಳಿ ಬರೆದುಕೊಂಡ ಟಿಪ್ಪಣಿ, ಬೇರೆ ವಿದ್ವಾಂಸರೊಂದಿಗಿನ ಪತ್ರವ್ಯವಹಾರ ಇವು ಅಚ್ಚಾದ ಪುಸ್ತಕದಲ್ಲಿ ಪೂರ್ತಿ ಬರುವುದಿಲ್ಲ. ಮೂಲ ಓಲೆ ಆಮೇಲೆ ನಾಶವಾದರೆ ಆ ಲಿಪ್ಯಂತರವೇ ಮೂಲವಾಗುತ್ತದೆ. ಓಲೆಯನ್ನು ಕಾಯುವಷ್ಟೇ ಎಚ್ಚರದಿಂದ ವಿದ್ವಾಂಸರ ಕಾಗದಗಳನ್ನೂ ಕಾಯಬೇಕಾದದ್ದು ಇದಕ್ಕಾಗಿ. ಒಬ್ಬ ಸಂಶೋಧಕ ತೀರಿಕೊಂಡ ಮೇಲೆ ಮನೆಯವರು ಜಾಗ ಸಾಲದೆ ಕಟ್ಟುಗಳನ್ನು ವಿಲೇವಾರಿ ಮಾಡಿದರೆ, ಒಂದು ಇಡೀ ಸೀಮೆಯ ನೆನಪು ಅವುಗಳೊಂದಿಗೆ ಹೋಗುತ್ತದೆ.

ಇಂದಿನ ಸ್ಥಿತಿ

2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿ ದೇಶದ ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆ, ಡಿಜಿಟಲೀಕರಣಕ್ಕೆ ಕೈ ಹಾಕಿತು. 2025ರ ಬಜೆಟ್ಟಿನಲ್ಲಿ ಪ್ರಕಟವಾದ ಜ್ಞಾನ ಭಾರತಂ ಅಭಿಯಾನ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ದಾಖಲಿಸುವ ಗುರಿ ಇಟ್ಟುಕೊಂಡಿದೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನ 16ನೆಯ ಆವೃತ್ತಿ ತುಳು-ತಿಗಳಾರಿ ಲಿಪಿಗೆ ಜಾಗ ಕೊಟ್ಟಿತು. ಅಲ್ಲಿಂದ ಈಚೆಗೆ ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅವುಗಳ ರೂಪದಲ್ಲೇ ದಾಖಲಿಸಲು ದಾರಿ ಆಯಿತು.

ಓಲೆಯ ಚಿತ್ರ ತೆಗೆದಿಟ್ಟರೆ ಓಲೆ ಉಳಿದೀತು, ಓದು ಉಳಿಯುವುದಿಲ್ಲ. ಹಿಂದೆ ಪ್ರತಿ ಮಾಡುವವನು ಪ್ರತಿ ಸಾಲನ್ನೂ ಓದುತ್ತ ಬರೆಯುತ್ತಿದ್ದ. ನಕಲಿನೊಂದಿಗೆ ತಿಳಿವೂ ದಾಟುತ್ತಿತ್ತು. ಯಂತ್ರದ ನಕಲಿನಲ್ಲಿ ಆ ದಾಟುವಿಕೆ ತಾನಾಗಿ ನಡೆಯದು. ಆದ್ದರಿಂದ ಮಲೆನಾಡಿನ ಭಂಡಾರಗಳಿಗೆ ಮೊದಲು ಬೇಕಾದದ್ದು ಯಾವ ಕಟ್ಟಿನಲ್ಲಿ ಏನಿದೆ ಎಂದು ಹೇಳುವ ವಿವರವಾದ ಸೂಚಿಗಳು. ಎರಡನೆಯದು, ತಿಗಳಾರಿ ಮತ್ತು ಹಳಗನ್ನಡ ಲಿಪಿಗಳನ್ನು ಕಾಲೇಜಿನ ಮಟ್ಟದಲ್ಲೇ ಕಲಿಸುವ ವ್ಯವಸ್ಥೆ. ಮೂರನೆಯದು, ವೈದ್ಯ, ಗಣಿತ, ಸಸ್ಯಶಾಸ್ತ್ರ ಓದಿದವರು ಸಂಸ್ಕೃತ, ಕನ್ನಡ ವಿದ್ವಾಂಸರೊಂದಿಗೆ ಕೂತು ಮಾಡುವ ಸಂಪಾದನೆ. ಮನೆಗಳಲ್ಲಿ ಉಳಿದ ಕಟ್ಟುಗಳ ಒಡೆತನವನ್ನು ಮನೆಯವರಿಗೇ ಬಿಟ್ಟು, ಶುಚಿ ಮಾಡಿ, ಚಿತ್ರ ತೆಗೆದು ಮರಳಿಸುವ ಕ್ರಮ ಅವರ ನಂಬಿಕೆ ಗಳಿಸಲು ಅಗತ್ಯ. ಈ ಕೆಲಸಗಳು ಕೂಡಿ ನಡೆದರೆ ‘ಲೋಕೋಪಕಾರ’ದಿಂದ ‘ಶಿವತತ್ತ್ವರತ್ನಾಕರ’ದವರೆಗಿನ ಏಳು ಶತಮಾನಗಳಲ್ಲಿ ಕನ್ನಡ ನಾಡು ಪ್ರಕೃತಿಯನ್ನೂ ದೇಹವನ್ನೂ ಸಂಖ್ಯೆಯನ್ನೂ ಹೇಗೆ ಅರಿತಿತ್ತು ಎಂಬ ಚರಿತ್ರೆಯನ್ನು ಮೂಲ ಆಕರಗಳಿಂದಲೇ ಬರೆಯಲು ಸಾಧ್ಯವಾಗುತ್ತದೆ.